ಲಿವರ್ ಗಡ್ಡೆಗೆ ಎಣ್ಣೆ ಇಂಜೆಕ್ಷನ್: ಮಾಡಿಸಿಕೊಂಡವರು ಹೇಳಿ

ಕಲಬುರಗಿಯಿಂದ ಪ್ರಶ್ನೆ:
ನಮ್ಮ ಕಾಕಾಗೆ 61 ವರ್ಷ. ಹಳೇ ಹೆಪಟೈಟಿಸ್ ಬಿ ಇತ್ತು, ಈಗ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಎರಡು, ದೊಡ್ಡದು 5 ಸೆಂ.ಮೀ. ಆಪರೇಷನ್ ಆಗೋದಿಲ್ಲ, ಟೇಸ್ ಮಾಡೋಣ, ತೊಡೆ ಸಂದಿಯಿಂದ ಸಣ್ಣ ಪೈಪ್ ಹಾಕಿ ಔಷಧಿ ಕಲಸಿದ ಎಣ್ಣೆ ಬಿಡುತ್ತೇವೆ ಅಂದಿದ್ದಾರೆ ಹೈದರಾಬಾದಿನ ಡಾಕ್ಟರು. 'ಜೀವನದಾಗ ಎಣ್ಣಿ ಮುಟ್ಟಿಲ್ಲ, ಈಗ ಡಾಕ್ಟರೇ ಹಾಕ್ತಾರಂತ' ಅಂತ ಕಾಕಾ ನಗುತ್ತಾರೆ. ನಮಗೆ ನಗು ಬರುತ್ತಿಲ್ಲ. ಯಾರಾದರೂ ಮಾಡಿಸಿದ್ದೀರಾ?

ಬೀದರ್‌ನಿಂದ:
ನಮ್ಮ ಅಪ್ಪನಿಗೆ ಎರಡು ಸಲ ಆಗಿದೆ ತಮ್ಮಾ. ಅದು ಗಸಗಸೆ ಎಣ್ಣೆ, ಅಯೋಡಿನ್ ಸೇರಿಸಿದ್ದು, ಲಿಪಿಯೊಡಾಲ್ ಅಂತ ಹೆಸರು. ಅದಕ್ಕೆ ಕೀಮೋ ಔಷಧಿ ಕಲಸುತ್ತಾರೆ, ಅಪ್ಪನಿಗೆ ಡಾಕ್ಸೊರುಬಿಸಿನ್ ಹಾಕಿದ್ದರು. ಎಣ್ಣೆ ಬಿಟ್ಟ ಮೇಲೆ ಜೆಲ್‌ಫೋಮ್ ಅನ್ನೋ ಸ್ಪಂಜಿನಂಥ ಚೂರುಗಳಿಂದ ಆ ನಾಳ ಮುಚ್ಚುತ್ತಾರೆ. ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ನಾಳದಿಂದ, ಉಳಿದದ್ದು ಹೆಪಾಟಿಕ್ ಅಪಧಮನಿಯಿಂದ. ಗಡ್ಡೆ ಮಾತ್ರ ಬಹುಪಾಲು ಈ ಎರಡನೇದನ್ನೇ ನಂಬಿಕೊಂಡಿರುತ್ತದೆ, ಅದಕ್ಕೇ ಅದನ್ನು ಕಟ್ಟಿದರೂ ಲಿವರ್ ತಡೆದುಕೊಳ್ಳುತ್ತದೆ. ಕಳೆ ಬೆಳೆದ ಮಡಿಗೆ ಹೋಗೋ ಕಾಲುವೆ ಕಟ್ಟಿದ ಹಾಗೆ ಅಂತ ಅಪ್ಪನಿಗೆ ಹೇಳಿದೆ. 'ನಮ್ಮ ತೊಗರಿ ಹೊಲಕ್ಕ ಕಾಲುವಿ ಎಲ್ಲಿ ಅದಾ?' ಅಂದರು.

ಮಾಡುವಾಗ ಕಷ್ಟ ಇಲ್ಲ, ಎಚ್ಚರ ಇರುತ್ತದೆ, ಆಮೇಲೆ ಕೆಲವು ತಾಸು ಕಾಲು ಮಡಚದೆ ಮಲಗಬೇಕು ಅಷ್ಟೇ. ಕಷ್ಟ ಶುರುವಾಗಿದ್ದು ಊರಿಗೆ ಬಂದ ಮೇಲೆ. ಮೂರನೇ ರಾತ್ರಿ 101 ಜ್ವರ, ಬಲಗಡೆ ಪಕ್ಕೆಯ ಕೆಳಗೆ ನೋವು, ವಾಂತಿ. ಇಲ್ಲಿ ಒಬ್ಬ ಡಾಕ್ಟರು ಟೈಫಾಯ್ಡ್ ಅಂತ ಶುರು ಹಚ್ಚಿಕೊಂಡರು. ನಾನು ಎಣ್ಣೆ ಹಾಕಿದ ಆಸ್ಪತ್ರೆಗೇ ಫೋನ್ ಮಾಡಿದೆ. ಗಡ್ಡೆ ಸಾಯುವಾಗ ಹೀಗಾಗುತ್ತದೆ, ಕೆಲವು ದಿನದಲ್ಲಿ ಇಳಿಯುತ್ತದೆ ಅಂದರು, ಇಳಿಯಿತು. ಆದರೆ ಚಳಿಜ್ವರ ಬಿಡದಿದ್ದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ ಕಾಯಬೇಡಿ, ಓಡಿ.

ಇನ್ನೊಂದು ಮಾತು. ತಿಂಗಳ ನಂತರ ಸಿಟಿ ಸ್ಕ್ಯಾನ್ ಮಾಡಿಸಿದಾಗ ಫಿಲ್ಮ್‌ನಲ್ಲಿ ಬೆಳ್ಳಗೆ ಸುಣ್ಣದ ಮುದ್ದೆ ಹಾಗೆ ಕಂಡಿತು, ಗಡ್ಡೆ ದೊಡ್ಡದಾಯಿತು ಅಂತ ನಮ್ಮಣ್ಣ ಅಲ್ಲೇ ಕೂತು ಅತ್ತುಬಿಟ್ಟ. ಅದು ಎಣ್ಣೆ! ಒಳ್ಳೆ ಲಿವರ್ ಅದನ್ನು ನಿಧಾನವಾಗಿ ಹೊರಹಾಕುತ್ತದೆ, ಗಡ್ಡೆಯಲ್ಲಿ ಹಾಗೇ ಕೂತಿರುತ್ತದೆ. ಗಡ್ಡೆ ಪೂರ್ತಿ ಬೆಳ್ಳಗಿದ್ದರೆ ಒಳ್ಳೇದು ಅಂದರು. ಅಪ್ಪನಿಗೆ ಒಂದು ಮೂಲೆ ಖಾಲಿ ಇತ್ತು, ಅದಕ್ಕೇ ಎರಡನೇ ಸಲ.

ವಾಸಿ ಆಯ್ತಾ ಅಂದರೆ ಇಲ್ಲ, ಹಿಡಿತದಲ್ಲಿದೆ. 2002ರಲ್ಲಿ ಬಾರ್ಸಿಲೋನಾ, ಹಾಂಗ್‌ಕಾಂಗ್ ಎರಡು ಕಡೆ ಪರೀಕ್ಷೆ ಮಾಡಿ ನೋಡಿದಾಗ ಇದನ್ನು ಮಾಡಿಸಿಕೊಂಡವರು ಜಾಸ್ತಿ ದಿನ ಬದುಕಿದ್ದರಂತೆ. ನಮ್ಮ ಡಾಕ್ಟರು ಅಷ್ಟೇ ಭರವಸೆ ಕೊಟ್ಟಿದ್ದು, ಸುಮ್ನೆ ಆಸೆ ಹಚ್ಚಲಿಲ್ಲ. ಅಪ್ಪ 14 ತಿಂಗಳಿಂದ ಹೊಲಕ್ಕೆ ಹೋಗಿ ಬರುತ್ತಿದ್ದಾರೆ.

ಯಾದಗಿರಿಯಿಂದ:
ನಮ್ಮ ಮಾವನಿಗೆ ಆಗಲೇ ಇಲ್ಲ. ಬೆಂಗಳೂರಿಗೆ ರಾತ್ರಿಯೆಲ್ಲಾ ರೈಲಲ್ಲಿ ಹೋದರೆ ಬಿಲಿರುಬಿನ್ (ಕಾಮಾಲೆ ತೋರಿಸೋ ರಕ್ತದ ಲೆಕ್ಕ) 4ಕ್ಕೆ ಏರಿತ್ತು, ಹೊಟ್ಟೆಯಲ್ಲಿ ನೀರು, ಲಿವರ್ ತಡೆಯಲ್ಲ ಅಂತ ವಾಪಸ್ ಕಳಿಸಿದರು. ಟಿಕೆಟ್ ತೆಗೆಯುವ ಮೊದಲು ಬಿಲಿರುಬಿನ್, ಅಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದರ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿಯದು) ಈ ರಕ್ತ ಪರೀಕ್ಷೆಗಳನ್ನು ಊರಲ್ಲೇ ಮಾಡಿಸಿ ಡಾಕ್ಟರಿಗೆ ವಾಟ್ಸಾಪ್ ಮಾಡಿ. ಥೈರಾಯ್ಡ್ ಇದ್ದರೆ ಹೇಳಿ, ಅಯೋಡಿನ್ ಅಲ್ವಾ. ಹೆಪಟೈಟಿಸ್ ಗುಳಿಗೆ ನಡೆದಿದ್ದರೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಬಗ್ಗೆ ಮೊದಲೇ ಕೇಳಿ, ಅಡ್ಮಿಟ್ ಆದ ಮೇಲೆ ಕಾಗದಕ್ಕೆ ಓಡಾಡೋದು ಬೇಡ.

ಬೀದರ್‌ನಿಂದ:
ಮರೆತಿದ್ದೆ, ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಕೇಳಿ. ಅದು ಮುಚ್ಚಿದ್ದರೆ ಈ ಕಡೆಯದನ್ನೂ ಕಟ್ಟೋದು ಅಪಾಯ.

ಕಲಬುರಗಿಯಿಂದ:
ಅಕ್ಕಾ, ರಿಪೋರ್ಟ್‌ನಲ್ಲಿ ಪೋರ್ಟಲ್ ವೇನ್ 'ಪೇಟೆಂಟ್' ಅಂತ ಬರೆದಿದ್ದಾರೆ. ಹಾಗಂದರೆ ಕೆಟ್ಟದ್ದಾ?

ಬೀದರ್‌ನಿಂದ:
ಇಲ್ಲ ತಮ್ಮಾ, ತೆರೆದಿದೆ ಅಂತ.