ಮಲ್ಲಿಗೆ ಕಡ್ಡಿ ಚಿಗುರಿ ಒಣಗಿದ್ದು ಯಾಕೆ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಮಲ್ಲಿಗೆ ಕಡ್ಡಿ ಚೆನ್ನಾಗಿ ಚಿಗುರಿತ್ತು, ಆಮೇಲೆ ಒಣಗಿ ಹೋಯಿತು ಅಂತ ಬರೆದಿದ್ದೀರಿ. ಕರಿಬೇವಿನ ಬೀಜ ಮೊಳೆಯಲೇ ಇಲ್ಲ, ರಜೆಯಲ್ಲಿ ಮಕ್ಕಳಿಗೆ ಏನು ಕೆಲಸ ಕೊಡಲಿ ಅಂತಲೂ ಕೇಳಿದ್ದೀರಿ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ವಾಯ್ಸ್ ಮೆಸೇಜ್.

ಚಿಗುರು ಬಂತು ಅಂದ ಮಾತ್ರಕ್ಕೆ ಬೇರು ಬಿಟ್ಟಿದೆ ಅಂತ ಅಲ್ಲ ಅತ್ತಿಗೆ. ಕಡ್ಡಿಯೊಳಗೆ ಉಳಿದಿರುವ ಸಾರದಲ್ಲೇ ಎಷ್ಟೋ ಸಲ ಎಲೆ ಮೊದಲು ಬಂದುಬಿಡುತ್ತದೆ. ಅಷ್ಟರಲ್ಲಿ ಬೇರು ಬರದಿದ್ದರೆ ಎಲೆಗೆ ನೀರು ಸಾಲದೆ ಎಲ್ಲಾ ಒಣಗುತ್ತದೆ. ಹಾಗಾಗಿ ಚಿಗುರು ಕಂಡ ಕೂಡಲೇ ಬಿಸಿಲಿಗೆ ಇಡಬೇಡಿ. ಎಳೆದು ನೋಡಲೂ ಬೇಡಿ. ಹೊಸ ಬೇರು ಬೆಳ್ಳಗೆ, ದಾರದಷ್ಟು ತೆಳ್ಳಗಿರುತ್ತದೆ, ಅಲುಗಿಸಿದರೆ ಮುರಿದೇ ಹೋಗುತ್ತದೆ.

ಕಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ಸತಾಯಿಸುತ್ತದೆ. ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುತ್ತಿರುವ, ಮೊಗ್ಗಿಲ್ಲದ ಕಡ್ಡಿ ತೆಗೆದುಕೊಳ್ಳಿ. 4 ಗೆಣ್ಣು ಇದ್ದರೆ ಸಾಕು. ಬುಡದ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ತುದಿಯಲ್ಲಿ ನೇರವಾಗಿ ಕತ್ತರಿಸಿ. ಆಗ ಬುಡ ಯಾವುದು, ತುದಿ ಯಾವುದು ಅಂತ ಗೊಂದಲ ಆಗುವುದಿಲ್ಲ. 2 ಗೆಣ್ಣು ಒಳಗೆ ಹೋಗಲಿ, ಬೇರು ಹೊರಡುವುದು ಹೆಚ್ಚಾಗಿ ಅಲ್ಲಿಂದಲೇ. ಬರೀ ತೋಟದ ಮಣ್ಣು ಬೇಡ, ಮರಳು ಮತ್ತು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಸಮ ಸಮ ಬೆರೆಸಿ. ಮೇಲೆ ನೀರಿನ ಬಾಟಲಿಯ ಬುಡ ಕತ್ತರಿಸಿ ಕವುಚಿ, ನೆರಳಲ್ಲಿ ಇಡಿ. ಒಂದೂವರೆ ತಿಂಗಳು ಬಿಟ್ಟುಬಿಡಿ. ಜೂನ್, ಜುಲೈ ಮಳೆಯ ತಂಪು ಇದಕ್ಕೆ ಒಳ್ಳೆಯದು. ನೀರು ಮಾತ್ರ ಜಾಸ್ತಿ ಹಾಕಬೇಡಿ.

ಕರಿಬೇವಿನ ಬೀಜ ಒಣಗಿದರೆ ಬೇಗ ಸತ್ತುಹೋಗುತ್ತದೆ. ಪೊಟ್ಟಣದಲ್ಲಿ ತಂದಿದ್ದರೆ ಅದನ್ನು ನಂಬಬೇಡಿ. ಮರದಲ್ಲೇ ಕಪ್ಪಗೆ ಹಣ್ಣಾದದ್ದನ್ನು ಕಿತ್ತು, ತಿರುಳು ಹಿಸುಕಿ ತೊಳೆದು, ಅವತ್ತೇ ಬಿತ್ತಿ. ಪಕ್ಕದ ಮನೆಯಲ್ಲಿ ಹಳೇ ಮರ ಇದೆಯಲ್ವಾ? ಬುಡದ ಸುತ್ತ ಬೇರಿನಿಂದ ಎದ್ದ ಮರಿ ಇದ್ದರೆ ಬೇರು ಸಮೇತ ಕೇಳಿ ತನ್ನಿ, ಅದು ಇನ್ನೂ ಸುಲಭ.

ಮಕ್ಕಳಿಗೆ ಗಾಜಿನ ಲೋಟ ಕೊಡಿ. ಒಳಗೆ ಒದ್ದೆ ಬಟ್ಟೆ ಸುತ್ತಿ, ರಾತ್ರಿ ನೆನೆಸಿದ ಅವರೆಕಾಳನ್ನು ಗಾಜಿಗೂ ಬಟ್ಟೆಗೂ ನಡುವೆ ಸಿಕ್ಕಿಸಲಿ. ಹಸಿ ಅವರೆ ಬೇಡ, ಒಣಗಿದ್ದು ಬೇಕು. ಬೇರು ಸ್ವಲ್ಪ ಉದ್ದ ಆದಾಗ ಲೋಟವನ್ನು ಅಡ್ಡ ಮಲಗಿಸಿಡಲು ಹೇಳಿ. ಮಾರನೇ ದಿನ ನೋಡಿದರೆ ಬೇರಿನ ತುದಿ ತಿರುಗಿ ಮತ್ತೆ ಕೆಳಮುಖ ಆಗಿರುತ್ತದೆ. ನಾನು ಈಗಲೂ ಅದನ್ನು ನೋಡುತ್ತಾ ನಿಲ್ಲುತ್ತೇನೆ, ಅಷ್ಟು ಚಂದ.

ಹಾಗಲ, ಹೀರೆ ಬೀಜವನ್ನೂ ಹೀಗೇ ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಡಿ. ಮೊಳಕೆ ಇಣುಕಿದ ಕೂಡಲೇ ಮಣ್ಣಿಗೆ ಹಾಕಿ. ದೊಡ್ಡಪತ್ರೆ, ಬಸಳೆ ಕಡ್ಡಿ ಭಾನುವಾರ ಬರುವಾಗ ನಾನೇ ತರುತ್ತೇನೆ. ಅವು ಸುಮ್ನೆ ನೀರಲ್ಲಿಟ್ಟರೂ ಬೇರು ಬಿಡುತ್ತವೆ. ಒಂದೆರಡು ಖಾಲಿ ಕುಂಡ ತೊಳೆದಿಡಿ.