ಮೊದಲು ಬಂದವನಿಗೆ 4, ಹಿಂದೆ ಬಂದವರಿಗೆ 5: ಸ್ಪೀಡ್‌ವೇ ಜೋಡಿ ರೇಸ್‌ನ ಅಂಕ ಸರಿಯಾ?

ಸೇಡಂ ರೋಡ್ ಹುಡುಗ:
ಸ್ಪೀಡ್‌ವೇ ಆಫ್ ನೇಷನ್ಸ್ ನೋಡದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಣ್ಣಿನ ಟ್ರ್ಯಾಕ್, ಬ್ರೇಕೇ ಇಲ್ಲದ 500 ಸಿಸಿ ಬೈಕ್, ಒಂದೇ ಗೇರ್, ನಾಲ್ಕು ಸುತ್ತು. ಒಂದು ದೇಶದ ಇಬ್ಬರು, ಎದುರಿಗೆ ಇನ್ನೊಂದು ದೇಶದ ಇಬ್ಬರು. ಅಂಕ 4-3-2-0. ನಮ್ಮವನು ಎಲ್ಲರಿಗಿಂತ ಮುಂದೆ ಬಂದು, ಜೊತೆಗಾರ ಕೊನೆಗೆ ಉಳಿದರೆ ನಮಗೆ 4. ಎದುರಿನವರು ಎರಡು, ಮೂರನೇ ಸ್ಥಾನಕ್ಕೆ ಬಂದು 5 ಎತ್ತಿಕೊಂಡು ಹೋಗುತ್ತಾರೆ. ಹಳೇ 3-2-1-0 ಲೆಕ್ಕದಲ್ಲಿ 3-3 ಸಮ ಆದರೂ ಆಗುತ್ತಿತ್ತು. ಗೆದ್ದವನಿಗೆ ಮಾಡುವ ಮೋಸ ಅಲ್ವಾ ಇದು?

ಬೀದರ್ ಭಾಯ್:
"ಮೋಸ" ಅಂತೆ! ಭಾಯ್, ಅದರ ಹೆಸರಲ್ಲೇ ನೇಷನ್ಸ್ ಅಂತ ಇದೆ. ಒಬ್ಬನೇ ಓಡಿ ಗೆಲ್ಲಬೇಕಾದರೆ ಗ್ರಾಂಡ್ ಪ್ರಿ ಇದೆ, ಅಲ್ಲಿಗೆ ಹೋಗಲಿ. ಇಲ್ಲಿ ಮುಂದಿನವನು ಬಾಗುವಿನಲ್ಲಿ ಬೇಕಂತಲೇ ಥ್ರಾಟಲ್ ಸ್ವಲ್ಪ ಬಿಟ್ಟು, ತಿರುಗಿ ನೋಡಿ, ಹೊರಗಿನ ಲೈನ್ ಹಿಡಿದು ಎದುರಾಳಿಗೆ ಅಡ್ಡ ನಿಲ್ಲುತ್ತಾನೆ. ಅಷ್ಟರಲ್ಲಿ ಜೊತೆಗಾರ ಒಳಗಿನಿಂದ ನುಸುಳುತ್ತಾನೆ. ಅದನ್ನು ಮಾಡೋಕೆ ಎದೆ ಬೇಕು. ಡೆನ್ಮಾರ್ಕ್ 1985ರಿಂದ 1991ರವರೆಗೆ ಸತತ ಏಳು ಸಲ ವರ್ಲ್ಡ್ ಪೇರ್ಸ್, ಅಂದರೆ ಆಗಿನ ಜೋಡಿ ವಿಶ್ವ ಚಾಂಪಿಯನ್‌ಶಿಪ್, ಗೆದ್ದದ್ದು ಸುಮ್ನೆ ಅಲ್ಲ.

ಯಾದಗಿರಿ ಮಾಸ್ತರ್:
"ಸುಮ್ನೆ ಅಲ್ಲ" ಅನ್ನುವುದು ನಿಜ, ಆದರೆ ಕಾರಣ ಬೇರೆ. ಅದರಲ್ಲಿ 1986ರಿಂದ 89ರವರೆಗೆ ಓಡಿದ ಜೋಡಿ ಎರಿಕ್ ಗುಂಡರ್ಸನ್ ಮತ್ತು ಹಾನ್ಸ್ ನೀಲ್ಸನ್. 1984ರಿಂದ 89ರವರೆಗೆ ಒಬ್ಬೊಬ್ಬರ ವಿಶ್ವ ಪ್ರಶಸ್ತಿ ಆರೂ ಈ ಇಬ್ಬರ ಮನೆಗೇ ಹೋಗಿವೆ, ಮೂರು ಅವನಿಗೆ, ಮೂರು ಇವನಿಗೆ. ಜಗತ್ತಿನ ಒಂದನೇ ನಂಬರ್, ಎರಡನೇ ನಂಬರ್ ಒಂದೇ ದೇಶದಲ್ಲಿದ್ದರೆ ಹೊಂದಾಣಿಕೆ ಯಾಕೆ ಬೇಕ್ರಿ? ಗೇಟ್ ಬಿಟ್ಟರೆ ಸಾಕು. ಸೇಡಂ ರೋಡ್ ಹೇಳಿದ್ದೇ ಸರಿ, ಪ್ರತಿಭೆಗೆ ಅಂಕ ಕೊಡಬೇಕು.

ಬೀದರ್ ಭಾಯ್:
"ಪ್ರತಿಭೆಗೆ ಅಂಕ" ಅಂದ್ರಾ? ಪೋಲೆಂಡ್ ಹತ್ತಿರ ಬಾರ್ತೊಶ್ ಜ್ಮಾರ್ಝ್ಲಿಕ್ ಇದ್ದಾನೆ. 2019, 20, 22, 23, 24ರ ವಿಶ್ವ ಚಾಂಪಿಯನ್. ಅದೇ ಕಾಲದಲ್ಲಿ ಸ್ಪೀಡ್‌ವೇ ಆಫ್ ನೇಷನ್ಸ್ ಯಾರು ಗೆದ್ದರು? 2018, 19, 20 ರಷ್ಯಾ, 2021 ಬ್ರಿಟನ್, 2022 ಆಸ್ಟ್ರೇಲಿಯಾ, 2024 ಮತ್ತೆ ಬ್ರಿಟನ್. ಪೋಲೆಂಡ್ ಎಲ್ಲಿ ಮಾಸ್ತರ್?

ಸೇಡಂ ರೋಡ್ ಹುಡುಗ:
ನೀವೇ ನನ್ನ ಮಾತು ಹೇಳಿದಿರಿ, ಥ್ಯಾಂಕ್ಸ್. ಜಗತ್ತಿನ ಬೆಸ್ಟ್ ರೈಡರ್ ಇರುವ ದೇಶ ಗೆಲ್ಲಲ್ಲ ಅಂದರೆ ನಿಯಮದಲ್ಲೇ ಖೋಟಾ ಇದೆ. ಅದರ ಮೇಲೆ, ಎಲ್ಲಾ ರೇಸ್ ಮುಗಿಸಿ ಗುಡ್ಡದಷ್ಟು ಅಂಕ ಕೂಡಿಟ್ಟರೂ ಚಿನ್ನ ನಿರ್ಧಾರ ಆಗೋದು ಕೊನೆಯ ಒಂದೇ ಒಂದು ರೇಸ್‌ನಲ್ಲಿ. ಒಂದು ನಿಮಿಷದ ಆಟ.

ಗ್ಯಾರೇಜ್ ಕಾಕಾ, ಸೂಪರ್ ಮಾರ್ಕೆಟ್:
ರಷ್ಯಾ, ಪೋಲೆಂಡ್ ಅಂತ ಎಲ್ಲೆಲ್ಲಿಗೋ ಹೋಗ್ತೀರಿ. ಮೊದಲ ಅಧಿಕೃತ ಜೋಡಿ ಚಾಂಪಿಯನ್‌ಶಿಪ್ 1970, ಸ್ವೀಡನ್‌ನ ಮಾಲ್ಮೋ, ಗೆದ್ದದ್ದು ನ್ಯೂಜಿಲೆಂಡ್‌ನ ಐವನ್ ಮೇಜರ್ ಮತ್ತು ರಾನಿ ಮೂರ್. ಆ ಮೇಜರ್ ಜಾವಾ ಓಡಿಸಿ ವಿಶ್ವ ಚಾಂಪಿಯನ್ ಆದವನು. ಜಾವಾ ಅಂದರೆ ನಮ್ಮ ಮೈಸೂರಿನ ಗಾಡಿ. ನಾನು ಅದೇ ಗಾಡಿ ಬಿಚ್ಚಿ ಕಟ್ಟಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಮೊದಲು ಅದರ ಬಗ್ಗೆ ಹೆಮ್ಮೆ ಪಡ್ರಿ.

ಯಾದಗಿರಿ ಮಾಸ್ತರ್:
"ನಮ್ಮ ಮೈಸೂರಿನ ಗಾಡಿ"?! ಕಾಕಾ, ಮೈಸೂರಿನ ಐಡಿಯಲ್ ಜಾವಾದಿಂದ 1961ರಲ್ಲಿ ಹೊರಬಂದದ್ದು 250 ಸಿಸಿ, ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ. ಸ್ಪೀಡ್‌ವೇ ಜಾವಾ 500 ಸಿಸಿ, ಫೋರ್ ಸ್ಟ್ರೋಕ್, ಮೆಥನಾಲ್ ಕುಡಿಯುತ್ತದೆ. ಅದು ಹುಟ್ಟಿದ್ದು ಝೆಕ್ ನಾಡಿನ ದಿವಿಶೋವ್‌ನ ಎಸೋ ಫ್ಯಾಕ್ಟರಿಯಲ್ಲಿ. 1964ರಲ್ಲಿ ಎಸೋ ಜಾವಾ ಜೊತೆ ಸೇರಿದ ಮೇಲೆ ಹೆಸರು ಬದಲಾಯಿತು, ಅಷ್ಟೇ. ಮೈಸೂರಿಗೂ ಅದಕ್ಕೂ ಒಂದು ನಟ್ಟಿನ ಸಂಬಂಧವೂ ಇಲ್ಲ.

ಗ್ಯಾರೇಜ್ ಕಾಕಾ, ಸೂಪರ್ ಮಾರ್ಕೆಟ್:
ನಟ್ಟಿನ ಮಾತು ನನಗೆ ಹೇಳಬೇಡ್ರಿ. ನೀವು ಜಾವಾ ನಟ್ಟು ಯಾವತ್ತಾದರೂ ಕೈಯಲ್ಲಿ ಹಿಡಿದಿದ್ದೀರಾ? ಕಿಕ್ ಹೊಡೆದು, ಅದೇ ಲಿವರ್ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತದೆ. ಅಂಥ ತಲೆ ಯಾರಿಗೆ ಇತ್ತು? ಆ ತಲೆಯೇ ರೇಸ್ ಗಾಡಿ ಮಾಡಿದ್ದು.

ಎರೆ ಮಣ್ಣು:
ಕಾಕಾ, ಸ್ಪೀಡ್‌ವೇ ಬೈಕಿಗೆ ಕಿಕ್ಕೇ ಇಲ್ಲ 😄 ತಳ್ಳಿ ಸ್ಟಾರ್ಟ್ ಮಾಡುತ್ತಾರೆ.

ಗ್ಯಾರೇಜ್ ಕಾಕಾ, ಸೂಪರ್ ಮಾರ್ಕೆಟ್:
ನಗಬೇಡ ತಮ್ಮಾ. ತಳ್ಳಿ ಸ್ಟಾರ್ಟ್ ಮಾಡೋದು ನನ್ನ ಗ್ಯಾರೇಜಿನಲ್ಲಿ ದಿನಾ ನಡೆಯುತ್ತದೆ. ಆ ರೇಸ್ ಎಂಜಿನ್‌ಗೆ ಏನು ಹಾಕುತ್ತಿದ್ದರು ಗೊತ್ತಾ? ಔಡಲೆಣ್ಣೆಯಿಂದ ಮಾಡಿದ ಆಯಿಲ್. ಮೆಥನಾಲ್ ಜೊತೆಗೆ ಅದೇ ತಡೆಯುತ್ತಿತ್ತು. ಔಡಲ ಬೆಳೆಯೋರು ಯಾರು? ನಮ್ಮ ಕಡೆಯವರು.

ಯಾದಗಿರಿ ಮಾಸ್ತರ್:
ಈಗ ಜಾವಾ ಬಿಟ್ಟು ಔಡಲಕ್ಕೆ ಬಂದಿರಿ. ನಾಳೆ ತೊಗರಿಬೇಳೆಯಿಂದ ವಿಶ್ವಕಪ್ ಬಂತು ಅಂತೀರಿ. ಮೈಸೂರಿನವರು 1973ರಲ್ಲಿ ಗಾಡಿಗೆ ಯೆಜ್ಡಿ ಅಂತ ಹೆಸರಿಟ್ಟರು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಇಷ್ಟರಲ್ಲಿ ಎಲ್ಲಿ ಸ್ಪೀಡ್‌ವೇ ಬೈಕ್ ಮಾಡಿದರು? ಒಂದು ತೋರಿಸ್ರಿ, ನಾನು ಈ ಗುಂಪೇ ಬಿಡುತ್ತೇನೆ.

ಬೀದರ್ ಭಾಯ್:
ಮಾಸ್ತರ್ ಗುಂಪು ಬಿಡುವುದಾದರೆ ನಾನೇ ಒಂದು ವೆಲ್ಡಿಂಗ್ ಮಾಡಿಸಿ ತರುತ್ತೇನೆ.

ಯಾದಗಿರಿ ಮಾಸ್ತರ್:
ಹುಡುಗಾಟ ಸಾಕು. ನಾನು ಇಸವಿ ಸಮೇತ ಬರೆಯುತ್ತಿದ್ದೇನೆ, ನೀವು ನಗುತ್ತಿದ್ದೀರಿ. ಇಂಥವರ ಜೊತೆ ಏನು ಚರ್ಚೆ ಮಾಡಬೇಕು? ಓದದೇ ಬರೆಯೋರು ಜಾಸ್ತಿ ಆಗಿದ್ದಾರೆ ಇಲ್ಲಿ.

ಎರೆ ಮಣ್ಣು:
"ಓದದೇ" ಅಂದಿರಲ್ಲ, ಓದಿದ್ದನ್ನೇ ಹೇಳುತ್ತೇನೆ. 1971, ಪೋಲೆಂಡಿನ ರಿಬ್ನಿಕ್. ಶ್ಚಾಕಿಯೆಲ್ ಮತ್ತು ವಿಗ್ಲೆಂಡಾ ಸಿಗಬಹುದಾದ 30ಕ್ಕೆ 30 ಅಂಕ ತೆಗೆದರು. ಆಗ ಅವರಿಬ್ಬರಲ್ಲಿ ಯಾರೂ ಒಬ್ಬೊಬ್ಬರ ವಿಶ್ವ ಪ್ರಶಸ್ತಿ ಗೆದ್ದವರಲ್ಲ. ಎದುರಿಗೆ ಮೇಜರ್‌ನಂಥವನು ಇದ್ದ. ಜೋಡಿ ಅಂದರೆ ಜೋಡೆತ್ತು ಇದ್ದಂತೆ, ಒಂದು ಮುಂದಕ್ಕೆ ಎಳೆದು ಇನ್ನೊಂದು ಹಿಂದೆ ಜಗ್ಗಿದರೆ ನೊಗ ಮುರಿಯುತ್ತದೆ.

ಸೇಡಂ ರೋಡ್ ಹುಡುಗ:
ಎತ್ತಿಗೆ ಒಂದೇ ನೊಗ, ಇಲ್ಲಿ ಎರಡು ಬೈಕ್. ಎಡಗಾಲಿಗೆ ಕಬ್ಬಿಣದ ಶೂ ಕಟ್ಟಿಕೊಂಡು ನೆಲ ಉಜ್ಜುತ್ತಾ ಒಬ್ಬೊಬ್ಬರೇ ಬಾಗು ತಿರುಗಿಸಬೇಕು, ಬಿದ್ದರೆ ಒಬ್ಬನೇ ಬೀಳಬೇಕು. ಅದೂ ಅಲ್ಲದೆ, ನೀವು ಹೇಳಿದ ಶ್ಚಾಕಿಯೆಲ್ 1973ರಲ್ಲಿ ಖೊಜೂಫ್‌ನಲ್ಲಿ ಒಬ್ಬನೇ ವಿಶ್ವ ಚಾಂಪಿಯನ್ ಆದ, ಅದೂ ರನ್ ಆಫ್‌ನಲ್ಲಿ, ಅಂದರೆ ಕೊನೆಗೆ ಇಟ್ಟ ಹೆಚ್ಚುವರಿ ರೇಸ್‌ನಲ್ಲಿ, ಇದೇ ಮೇಜರ್ ಎದುರು. ಪ್ರತಿಭೆ ಮೊದಲೇ ಇತ್ತು. ನಿಮ್ಮ ಉದಾಹರಣೆ ನಮ್ಮ ಕಡೆ ಬಂತು.

ಬೀದರ್ ಭಾಯ್:
ಆ ರನ್ ಆಫ್‌ನಲ್ಲಿ ಮೇಜರ್ ಬಿದ್ದ, ಅದನ್ನು ಯಾಕೆ ಬಿಟ್ಟಿರಿ? ಒಂದು ರೇಸ್‌ನಲ್ಲಿ ಚಿನ್ನ ನಿರ್ಧಾರ ಆಗಬಾರದು ಅಂದವರು ನೀವೇ. ಈಗ ಒಂದೇ ರೇಸ್‌ನ ಗೆಲುವನ್ನು ಪ್ರತಿಭೆ ಅಂತೀರಿ.

ಸೇಡಂ ರೋಡ್ ಹುಡುಗ:
ಅದು ಬೇರೆ, ಇದು ಬೇರೆ. ಅಲ್ಲಿ ಇಬ್ಬರ ಅಂಕ ಸಮ ಆಗಿತ್ತು.

ಬೀದರ್ ಭಾಯ್:
ಬಂತು ನೋಡ್ರಿ "ಅದು ಬೇರೆ".

ಗ್ಯಾರೇಜ್ ಕಾಕಾ, ಸೂಪರ್ ಮಾರ್ಕೆಟ್:
ಊಟ ಮಾಡಿ ಬಂದೆ. ಮಾಸ್ತರ್, ಒಂದೇ ಪ್ರಶ್ನೆ. ಆ ದಿವಿಶೋವ್ ಎಲ್ಲಿದೆ? ಝೆಕ್. ಮೈಸೂರಿಗೆ ಲೈಸೆನ್ಸ್ ಕೊಟ್ಟ ಜಾವಾ ಎಲ್ಲಿಯದು? ಅದೂ ಝೆಕ್. ಟ್ಯಾಂಕ್ ಮೇಲೆ ಎರಡಕ್ಕೂ ಜಾವಾ ಅಂತಲೇ ಬರೆದಿತ್ತು. ನಾನು ಮೊದಲಿಂದ ಹೇಳುತ್ತಿರುವುದೂ ಇಷ್ಟೇ.

ಯಾದಗಿರಿ ಮಾಸ್ತರ್:
ಇಷ್ಟೇ ಹೇಳಿಲ್ಲ ನೀವು! ಮೇಲೆ ಹೋಗಿ ನೋಡ್ರಿ, "ನಮ್ಮ ಮೈಸೂರಿನ ಗಾಡಿ" ಅಂತ ಬರೆದಿದ್ದೀರಿ. ಸ್ಕ್ರೀನ್‌ಶಾಟ್ ಇದೆ.

ಗ್ಯಾರೇಜ್ ಕಾಕಾ, ಸೂಪರ್ ಮಾರ್ಕೆಟ್:
ಸ್ಕ್ರೀನ್‌ಶಾಟ್ ಗ್ಯಾರೇಜಿಗೆ ತಗೊಂಡು ಬರ್ರಿ, ಗೋಡೆಗೆ ಹಚ್ಚುತ್ತೇನೆ.