ಚಿಕಿತ್ಸೆ ಮುಗಿಸಿದ ತಮ್ಮ ನೇರ ಮನೆಗೆ ಬರಬೇಕಾ, ಪಾಲು ಹಾಕಿ ಬದುಕುವ ಮನೆಗೆ ಹೋಗಬೇಕಾ?

ಪ್ರಶ್ನೆ (ಬರೆದವರು: ತಮ್ಮನ ಅಕ್ಕ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 34 ವರ್ಷ. ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾನೆ, ಇನ್ನು 12 ದಿನಕ್ಕೆ ಹೊರಗೆ ಬರುತ್ತಾನೆ. ಇದು ಎರಡನೇ ಸಲ. ಹೋದ ಸಲ ಅಲ್ಲಿಂದ ನೇರವಾಗಿ ಮನೆಗೆ ಕರೆದುಕೊಂಡು ಬಂದಿದ್ದೆವು. ಅದೇ ರೂಮು, ಅದೇ ಕಿಟಕಿ, ಅದೇ ಗೆಳೆಯರ ಫೋನು. ಐದನೇ ವಾರಕ್ಕೆ ಮತ್ತೆ ಶುರುವಾಯಿತು.

ಈ ಸಲ ಅಲ್ಲಿನ ಕೌನ್ಸೆಲರ್ ಬೇರೆ ದಾರಿ ಹೇಳುತ್ತಿದ್ದಾರೆ. ಕುಡಿತ ಬಿಟ್ಟ ಎಂಟು ಜನ ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರಂತೆ. ಈಗ ಒಬ್ಬರು ಹೊರಟಿದ್ದಾರೆ, ಒಂದು ಜಾಗ ಖಾಲಿ ಇದೆ. ಬಾಡಿಗೆ, ಕರೆಂಟು, ನೀರು ಎಲ್ಲ ಸಮ ಪಾಲು. ಒಂಟಿ ರೂಮು ಮಾಡುವುದಕ್ಕಿಂತ ಎಷ್ಟೋ ಕಡಿಮೆ ಬೀಳುತ್ತದೆ. ಆದರೆ ಕಟ್ಟುಪಾಡು ಜಾಸ್ತಿ. ಕೆಲಸದ ಪಾಳಿ, ವಾರಕ್ಕೊಂದು ಮೀಟಿಂಗ್, ಹೊಸಬರು ರಾತ್ರಿ ಹತ್ತರೊಳಗೆ ಮನೆ ಸೇರಬೇಕು, ಯಾವಾಗ ಬೇಕಾದರೂ ಉಸಿರಿನ ಪರೀಕ್ಷೆ.

ಅಮ್ಮ ಒಪ್ಪುತ್ತಿಲ್ಲ. "ಮನೆ ಇಟ್ಟುಕೊಂಡು ಮಗನನ್ನು ಹೊರಗೆ ಬಿಡೋದಾ?" ಎಂದು ಅಳುತ್ತಾರೆ. ನನಗೂ ಒಂದು ಭಯ ಇದೆ. ಕುಡಿದು ಕೆಟ್ಟವರೇ ಎಂಟು ಜನ ಒಂದು ಸೂರಿನಡಿ ಇದ್ದರೆ, ಒಬ್ಬ ಜಾರಿದಾಗ ಎಲ್ಲರೂ ಜಾರುವುದಿಲ್ಲವಾ? ಅಂಥ ಮನೆಯಲ್ಲಿ ಇದ್ದು ಬಂದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ 1 (ಬರೆದವರು: ಹಳೇ ಖಜಾಂಚಿ)

ಅಕ್ಕಾ, ನಾನು ಅಂಥ ಮನೆಯಲ್ಲಿ 19 ತಿಂಗಳು ಇದ್ದೆ. ಕುಡಿತ ಬಿಟ್ಟು ಈಗ ಆರು ವರ್ಷ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನಿಮ್ಮ ಭಯದ ವಿಷಯ. ನಾನಿದ್ದಾಗ ನಮ್ಮ ಮನೆಯಲ್ಲಿ ಮೂವರು ಜಾರಿದರು. ಅದರಲ್ಲಿ ಒಬ್ಬನ ರಾತ್ರಿ ಇವತ್ತಿಗೂ ಕಣ್ಣ ಮುಂದಿದೆ. ಹನ್ನೊಂದು ಗಂಟೆ ಆಗಿತ್ತು. ಹೊರಗಿನಿಂದ ಬೀಗದ ಕೈ ತೂತಿಗೆ ಸಿಗದೆ ಕರಕರ ಸದ್ದು. ಒಳಗಿದ್ದ ನಮಗೆಲ್ಲ ಅದು ಏನಂತ ತಕ್ಷಣ ಗೊತ್ತಾಯಿತು. ನಾವೆಲ್ಲ ಒಂದು ಕಾಲಕ್ಕೆ ಆ ಸದ್ದು ಮಾಡಿದವರೇ. ಬಾಗಿಲು ತೆಗೆದೆವು. ಯಾರೂ ಬೈಯಲಿಲ್ಲ. ಕೂರಿಸಿ ನೀರು ಕೊಟ್ಟು ಅಲ್ಲೇ ಮೀಟಿಂಗ್ ಮಾಡಿದೆವು. ನಿಯಮದ ಪ್ರಕಾರ ಅವನು ಅವತ್ತೇ ಮನೆ ಬಿಡಬೇಕು. ಬಿಟ್ಟ. ಆದರೆ ಬೀದಿಗೆ ತಳ್ಳಲಿಲ್ಲ. ಇಬ್ಬರು ಜೊತೆಗೆ ಹೋಗಿ ಆಸ್ಪತ್ರೆಗೆ ಸೇರಿಸಿ ಬಂದರು. ಅವನ ಬಟ್ಟೆ ಚೀಲದ ಮೇಲೆ ಹೆಸರು ಬರೆದು ಎತ್ತಿಟ್ಟೆವು. ಎರಡು ತಿಂಗಳ ಮೇಲೆ ಅವನೇ ಬಂದು ಮತ್ತೆ ಜಾಗ ಕೇಳಿದ. ಮತ್ತೆ ಸೇರಿಸಿಕೊಂಡೆವು.

ಆ ರಾತ್ರಿ ನನಗೂ ಕುಡಿಯಬೇಕು ಅನಿಸಿತ್ತು. ವಾಸನೆ ಮೂಗಿಗೆ ಬಡಿದಿತ್ತು, ಕೈ ನಡುಗುತ್ತಿತ್ತು. ನನ್ನ ರೂಮಿನವನು ನನ್ನ ಮುಖ ನೋಡಿಯೇ ತಿಳಿದುಕೊಂಡ. ಬೆಳಗಾಗುವ ತನಕ ಏನೇನೋ ಮಾತಾಡುತ್ತ ಜೊತೆಗೆ ಕೂತಿದ್ದ. ನಮ್ಮ ಮನೆಯವರು ನನ್ನನ್ನು ಎಷ್ಟೇ ಪ್ರೀತಿಸಲಿ, ಆ ಮುಖ ಗುರುತು ಹಿಡಿಯುವುದು ಅವರಿಗೆ ಆಗುತ್ತಿರಲಿಲ್ಲ.

ಅದಕ್ಕೇ, ಮನೆ ನೋಡಲು ಹೋದಾಗ ಒಂದೇ ಒಂದು ಪ್ರಶ್ನೆ ತಪ್ಪದೆ ಕೇಳಿ: "ಯಾರಾದರೂ ಕುಡಿದು ಬಂದರೆ ಆ ರಾತ್ರಿ ಏನು ಮಾಡುತ್ತೀರಿ?" ತಡವರಿಸದೆ ಹೇಳಿದರೆ ಆ ಮನೆ ನೆಟ್ಟಗಿದೆ. "ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ" ಎಂದರೆ ವಾಪಸ್ ಬನ್ನಿ.

ಇದು ಯಾರೋ ನಿನ್ನೆ ಮೊನ್ನೆ ಹುಟ್ಟಿಸಿದ ವ್ಯವಸ್ಥೆಯಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1975ರಲ್ಲಿ ಒಂದು ಹಾಫ್‌ವೇ ಹೌಸ್ (ಚಿಕಿತ್ಸೆ ಮುಗಿಸಿದವರು ಸ್ವಲ್ಪ ಕಾಲ ಉಳಿಯುವ ಮನೆ) ಮುಚ್ಚುವ ಸ್ಥಿತಿಗೆ ಬಂದಾಗ, ಅಲ್ಲಿದ್ದವರೇ ಆ ಮನೆಯನ್ನು ಬಾಡಿಗೆಗೆ ಹಿಡಿದು ತಾವೇ ನಡೆಸಿದರು. ಆಕ್ಸ್‌ಫರ್ಡ್ ಹೌಸ್ ಎಂಬ ಈ ಮನೆಗಳ ಪದ್ಧತಿ ಶುರುವಾದದ್ದು ಹಾಗೆ. ಸಂಬಳದ ವಾರ್ಡನ್ ಇಲ್ಲ. ಖರ್ಚಿಗೆ ಎಲ್ಲರದೂ ಪಾಲು, ತೀರ್ಮಾನಕ್ಕೆ ಎಲ್ಲರದೂ ಓಟು, ಕುಡಿದವರು ಮನೆಯಲ್ಲಿ ಇರುವ ಹಾಗಿಲ್ಲ. ಇಷ್ಟು ದಿನಕ್ಕೆ ಖಾಲಿ ಮಾಡಬೇಕು ಎಂಬ ಗಡುವೂ ಇಲ್ಲ. ಇದರಿಂದ ನಿಜವಾಗಿ ಉಪಯೋಗ ಇದೆಯಾ ಎಂದು ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲೆನರ್ಡ್ ಜೇಸನ್ ಮತ್ತು ಅವರ ತಂಡ ಪರೀಕ್ಷೆ ಮಾಡಿತು. ಚಿಕಿತ್ಸೆ ಮುಗಿಸಿದ 150 ಜನರಲ್ಲಿ ಅರ್ಧ ಜನರನ್ನು ಇಂಥ ಮನೆಗಳಿಗೆ, ಉಳಿದವರನ್ನು ಮಾಮೂಲಿ ದಾರಿಗೆ ಚೀಟಿ ಎತ್ತಿದ ಹಾಗೆ ಹಂಚಿದರು. ಎರಡು ವರ್ಷದ ಹೊತ್ತಿಗೆ ಮಾಮೂಲಿ ದಾರಿಯವರಲ್ಲಿ ನೂರಕ್ಕೆ ಸುಮಾರು 65 ಜನ ಮತ್ತೆ ಕುಡಿತಕ್ಕೋ ಡ್ರಗ್ಸ್‌ಗೋ ಬಿದ್ದಿದ್ದರು. ಮನೆಗಳಿಗೆ ಹೋದವರಲ್ಲಿ ಸುಮಾರು 31. ಈ ವರದಿ 2006ರಲ್ಲಿ ಬಂತು. ಆ 31 ಕೂಡ ಸಣ್ಣದಲ್ಲ, ನಿಮಗೆ ಸುಳ್ಳು ಧೈರ್ಯ ಕೊಡುವುದಿಲ್ಲ. ಆದರೆ ಅರ್ಧಕ್ಕರ್ಧ ಇಳಿಯಿತು, ಅಲ್ವಾ?

ನಾನಿದ್ದ ಮನೆಯೂ ಇದೇ ಪದ್ಧತಿಯದು. ನಾಲ್ಕನೇ ತಿಂಗಳು ಮೀಟಿಂಗ್‌ನಲ್ಲಿ ನನ್ನನ್ನು ಖಜಾಂಚಿ ಮಾಡಿದರು. ಅಮ್ಮನ ಬೀರುವಿನಿಂದ ದುಡ್ಡು ಕದ್ದು ಕುಡಿದವನು ನಾನು. ಅದನ್ನು ಅದೇ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳಿದೆ. "ಗೊತ್ತು, ಅದಕ್ಕೇ ನೀನು" ಎಂದರು ಒಬ್ಬರು. ಪ್ರತಿ ಒಂದನೇ ತಾರೀಕು ರಾತ್ರಿ ಎಂಟು ಜನರ ಪಾಲಿನ ದುಡ್ಡು ನನ್ನ ಕೈಗೆ ಬರುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ನಾನು ಒಂದು ಸಲ ಎಣಿಸಬೇಕು, ಅವರು ಒಂದು ಸಲ. ನೀಲಿ ಗೆರೆಯ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಮೊದಲ ತಿಂಗಳು ನನ್ನ ಬೆವರಿಗೆ ಪುಟ ಒದ್ದೆಯಾಗಿ ಇಂಕು ಹರಡಿತ್ತು. ಆರು ತಿಂಗಳ ಅವಧಿ ಮುಗಿದಾಗ ಒಂದು ಪೈಸೆ ವ್ಯತ್ಯಾಸ ಇರಲಿಲ್ಲ. ನನ್ನ ಜೀವನದಲ್ಲಿ ಯಾವ ಪರೀಕ್ಷೆ ಪಾಸಾದಾಗಲೂ ಅಷ್ಟು ಖುಷಿ ಆಗಿರಲಿಲ್ಲ. ಆ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಇನ್ನೂ ಫೋನಿನಲ್ಲಿದೆ.

ಅಮ್ಮನ ಮನೆಯಲ್ಲಿ ನನಗೆ ಯಾರೂ ಕೆಲಸ ಹೇಳುತ್ತಿರಲಿಲ್ಲ. "ಪಾಪ, ಸುಧಾರಿಸಿಕೊಳ್ಳಲಿ" ಎಂದು ಸುಮ್ನೆ ಬಿಟ್ಟಿದ್ದರು. ಇಲ್ಲಿ ಹಾಗಿಲ್ಲ. ನನ್ನ ಪಾಳಿಯ ದಿನ ನಾನು ಬಚ್ಚಲು ತೊಳೆಯದಿದ್ದರೆ ಏಳು ಜನರಿಗೆ ತೊಂದರೆ. ಬೆಳಿಗ್ಗೆ ಏಳಲು ನನಗೆ ಅದೊಂದು ಕಾರಣ ಸಿಕ್ಕಿತು.

ಉತ್ತರ 2 (ಬರೆದವರು: ಒಬ್ಬ ತಂದೆ)

ಎಲ್ಲ ಮನೆಯೂ ಹೀಗೆ ಇರುವುದಿಲ್ಲ ಮೇಡಂ. ನನ್ನ ಮಗನನ್ನು ಇಂಥದ್ದೇ ಹೆಸರಿನ ಒಂದು ಮನೆಗೆ ಸೇರಿಸಿದ್ದೆ. ಎರಡು ರೂಮಿಗೆ ಹನ್ನೊಂದು ಜನ. ಮೂರು ತಿಂಗಳ ದುಡ್ಡು ಮುಂಚೆಯೇ ಕಟ್ಟಿಸಿಕೊಂಡರು, ರಸೀದಿ ಇಲ್ಲ. ಮೀಟಿಂಗ್ ಎಂಬುದೇ ನಡೆಯಲಿಲ್ಲ. ಕೊನೆಗೊಂದು ದಿನ ಯಾವುದೋ ಜಗಳಕ್ಕೆ ಮಧ್ಯರಾತ್ರಿ ಹೊರಗೆ ಹಾಕಿದರು. ಫೋನ್ ಕೂಡ ಮಾಡಲಿಲ್ಲ. ಬೆಳಿಗ್ಗೆ ಅವನೇ ನಡೆದುಕೊಂಡು ಬಂದ. ದುಡ್ಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆ ರಾತ್ರಿ ಅವನು ಎಲ್ಲಿದ್ದ ಎಂದು ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ.

ನಿಯಮಗಳನ್ನು ಬರಹದಲ್ಲಿ ಕೇಳಿ. ದುಡ್ಡಿಗೆ ರಸೀದಿ ಕೇಳಿ. ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಎಷ್ಟು ವಾಪಸ್ ಬರುತ್ತದೆ ಎಂಬುದೂ ಅದರಲ್ಲೇ ಇರಲಿ.

ಉತ್ತರ 3 (ಬರೆದವರು: ವಾರ್ಡ್ ನರ್ಸ್)

ಮಾತ್ರೆಗಳ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮತ್ತೆ ಕುಡಿತಕ್ಕೆ ಬೀಳದಿರಲಿ ಎಂದು ಡಾಕ್ಟರ್ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತರಹದ ಔಷಧ ಬರೆದಿದ್ದರೆ ಅದನ್ನು ಆ ಮನೆಯಲ್ಲಿ ತೆಗೆದುಕೊಳ್ಳಲು ಬಿಡುತ್ತಾರಾ ಎಂದು ಕೇಳಿ. ಕೆಲವು ಕಡೆ "ಯಾವ ಮಾತ್ರೆಯೂ ಬೇಡ" ಎಂಬ ಹಟ ಇರುತ್ತದೆ. ಹೆರಾಯಿನ್ ಬಿಟ್ಟು, ಅದರ ಬದಲಿಗೆ ಡಾಕ್ಟರ್ ಕೊಡುವ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಮೇಲೆ ಇರುವವರಿಗೆ ಈ ಹಟ ಪ್ರಾಣಕ್ಕೇ ಬರಬಹುದು. ಆ ಔಷಧವನ್ನೂ ಬಿಟ್ಟು ಸ್ವಲ್ಪ ದಿನ ಆದರೆ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ. ಆಗ ಮತ್ತೆ ಹೆರಾಯಿನ್ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಇನ್ನೊಂದು. ತಮ್ಮ ಮತ್ತೆ ದಿನಗಟ್ಟಲೆ ಕುಡಿದು, ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅಂಥ ಹೊತ್ತಿನಲ್ಲಿ ರೂಮಿನಲ್ಲಿ ಕೂಡಿ ಹಾಕಬಾರದು, ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ಮೇಲೆ ಬರೆದ ಅಣ್ಣನ ಮನೆಯವರು ಮಾಡಿದ್ದು ಸರಿ.

ಮರು ಉತ್ತರ (ಬರೆದವರು: ಹಳೇ ಖಜಾಂಚಿ)

ತಂದೆಯವರೇ, ನಿಮ್ಮ ಮಾತು ಓದಿ ಸಂಕಟ ಆಯಿತು. ಅಕ್ಕಾ, ಅವರು ಹೇಳಿದ್ದರ ಜೊತೆ ಇದನ್ನೂ ಮಾಡಿ. ಮೀಟಿಂಗ್ ನಡೆಯುವ ದಿನವೇ ಹೋಗಿ. ಗೋಡೆಯ ಮೇಲಿನ ಪಾಳಿ ಪಟ್ಟಿ ಈ ವಾರದ್ದಾ, ಹಳೆಯದಾ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ನನ್ನ ಅಮ್ಮ ಮೊದಲ ತಿಂಗಳ ಪಾಲು ಮಾತ್ರ ಕೊಟ್ಟರು, ಆಮೇಲಿನದೆಲ್ಲ ನಾನೇ ದುಡಿದು ಕಟ್ಟಿದೆ. ಭಾನುವಾರ ಭಾನುವಾರ ಬಂದು ನನ್ನ ಜೊತೆ ಒಂದು ಗಂಟೆ ಕೂರುತ್ತಿದ್ದರು. ನಾವಿಬ್ಬರೂ ಕೂಗಾಡದೆ ಮಾತಾಡಿದ್ದು ಎಷ್ಟೋ ವರ್ಷಗಳ ಮೇಲೆ, ಆ ಮನೆಯ ಮೆಟ್ಟಿಲ ಮೇಲೆ.

ಮರು ಉತ್ತರ (ಬರೆದವರು: ತಮ್ಮನ ಅಕ್ಕ)

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಅಮ್ಮ, ನಾನು ಹೋಗಿದ್ದೆವು. ಕೇಂದ್ರದವರ ಅನುಮತಿ ಪಡೆದು ತಮ್ಮನೂ ಬಂದಿದ್ದ. ಆ ಪ್ರಶ್ನೆ ಕೇಳಿದೆ. ಅಲ್ಲಿದ್ದ ವಯಸ್ಸಾದವರೊಬ್ಬರು ಮಾತಾಡದೆ ಎದ್ದು ಹೋಗಿ ಒಂದು ಹಾಳೆ ತಂದು ಕೊಟ್ಟರು. ಯಾರಿಗೆ ಮೊದಲು ಫೋನ್, ಯಾವ ಆಸ್ಪತ್ರೆ, ಜೊತೆಗೆ ಯಾರು ಹೋಗಬೇಕು, ಸಾಮಾನು ಎಷ್ಟು ದಿನ ಇಡುತ್ತಾರೆ, ಎಲ್ಲ ಬರೆದಿತ್ತು. ಮಾತ್ರೆಗೂ ತಕರಾರಿಲ್ಲ, ಬೀಗ ಹಾಕಿದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು ಅಷ್ಟೇ. ಪಾಳಿ ಪಟ್ಟಿ ಈ ವಾರದ್ದೇ.

ಆಮೇಲೆ ಅವರು ನಮ್ಮನ್ನು ಹೊರಗೆ ಕೂರಲು ಹೇಳಿ ತಮ್ಮನನ್ನು ಮಾತ್ರ ಒಳಗೆ ಕೂರಿಸಿಕೊಂಡರು. ಅರ್ಧ ಗಂಟೆ. ಏನು ಕೇಳಿದರು ಎಂದರೆ, "ನಾನು ಯಾಕೆ ಬರಬೇಕು ಅಂತ ನನ್ನನ್ನೇ ಕೇಳಿದರು ಅಕ್ಕ" ಎಂದ. ಭಾನುವಾರ ಓಟು ಹಾಕಿ ತಿಳಿಸುತ್ತಾರೆ. ಅಮ್ಮ ಇನ್ನೂ ಹೂಂ ಅಂದಿಲ್ಲ. ಆದರೆ ಇವತ್ತು ಬೆಳಿಗ್ಗೆ ಅವನ ಹೊದಿಕೆ ಒಗೆದು ಬಿಸಿಲಿಗೆ ಹಾಕಿದ್ದಾರೆ.